ಕೇಸ್ ಬಿತ್ತು, ತೀರ್ಪು ಬಂದಿಲ್ಲ: ನಡುವಿನ ವರ್ಷಗಳಲ್ಲಿ ಆಟಗಾರನಿಗೆ ಏನಾಗುತ್ತದೆ?

2025ರ ಜುಲೈನಲ್ಲಿ ಬೆಂಗಳೂರಿನ ನಂಟಿರುವ ಇಬ್ಬರು ಆಟಗಾರರ ಹೆಸರು ಕ್ರೀಡಾ ಪುಟ ಬಿಟ್ಟು ಕೋರ್ಟ್ ಸುದ್ದಿಯಲ್ಲಿ ಕಾಣಿಸಿಕೊಂಡಿತು.

ಒಬ್ಬರು ಯಶ್ ದಯಾಳ್. ಆರ್‌ಸಿಬಿ ಮೊದಲ ಸಲ ಕಪ್ ಗೆದ್ದು ಒಂದು ತಿಂಗಳಾಗಿತ್ತು ಅಷ್ಟೆ. ಆ ತಂಡದ ಎಡಗೈ ವೇಗಿಯ ಮೇಲೆ ಗಾಜಿಯಾಬಾದ್‌ನಲ್ಲಿ ಒಂದು, ಜೈಪುರದಲ್ಲಿ ಇನ್ನೊಂದು ಎಫ್‌ಐಆರ್ ದಾಖಲಾಯಿತು. ಮೊದಲನೆಯದು ಮದುವೆಯಾಗುವುದಾಗಿ ನಂಬಿಸಿ ಲೈಂಗಿಕವಾಗಿ ಬಳಸಿಕೊಂಡ ಆರೋಪ, ಎರಡನೆಯದು ಪೋಕ್ಸೊ ಅಡಿಯ ಕೇಸ್. ಆರೋಪಗಳನ್ನು ಅವರ ಕಡೆಯವರು ಅಲ್ಲಗಳೆದಿದ್ದಾರೆ. ಗಾಜಿಯಾಬಾದ್ ಕೇಸಿನಲ್ಲಿ ಅಲಹಾಬಾದ್ ಹೈಕೋರ್ಟ್ ಬಂಧನಕ್ಕೆ ತಡೆ ಕೊಟ್ಟಿತು. ಜೈಪುರದ ಕೇಸಿನಲ್ಲಿ ಅಂಥ ತಡೆ ಕೊಡಲು ರಾಜಸ್ಥಾನ ಹೈಕೋರ್ಟ್ ಆಗಸ್ಟ್‌ನಲ್ಲಿ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಆರ್‌ಸಿಬಿ ತಾನು ಉಳಿಸಿಕೊಂಡವರ ಪಟ್ಟಿ ಹೊರಹಾಕಿದಾಗ ದಯಾಳ್ ಹೆಸರು ಅದರಲ್ಲಿತ್ತು.

ಇನ್ನೊಬ್ಬರು ಲಕ್ಷ್ಯ ಸೇನ್. ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದ ಬ್ಯಾಡ್ಮಿಂಟನ್ ಆಟಗಾರ. ಜನನ ಪ್ರಮಾಣಪತ್ರ ತಿದ್ದಿ, ವಯಸ್ಸು ಕಡಿಮೆ ತೋರಿಸಿ ಕಿರಿಯರ ಟೂರ್ನಿಗಳಲ್ಲಿ ಆಡಿದರು ಎಂಬ ದೂರಿನಲ್ಲಿ ಅವರ ಮೇಲೂ ಮನೆಯವರು ಮತ್ತು ಕೋಚ್ ಮೇಲೂ 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಎಫ್‌ಐಆರ್ ಆಗಿತ್ತು. ಅದನ್ನು ರದ್ದು ಮಾಡಲು ಕರ್ನಾಟಕ ಹೈಕೋರ್ಟ್ 2025ರ ಫೆಬ್ರುವರಿಯಲ್ಲಿ ನಿರಾಕರಿಸಿತು. ಜುಲೈ 28ಕ್ಕೆ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಈ ಸುದ್ದಿಗಳ ಕೆಳಗೆ ಓದುಗರು ಕೇಳಿದ ಪ್ರಶ್ನೆಗಳು ಸಹಜವಾದವೇ. ಕೇಸ್ ಇದ್ದವರನ್ನು ತಂಡ ಹೇಗೆ ಇಟ್ಟುಕೊಳ್ಳುತ್ತದೆ? ಕೇಸ್ ರದ್ದಾದರೆ ತಪ್ಪೇ ಮಾಡಿಲ್ಲ ಅಂತ ಅರ್ಥವಾ? ಒಬ್ಬರನ್ನು ಕೂಡಲೇ ಹೊರಹಾಕುತ್ತಾರೆ, ಇನ್ನೊಬ್ಬರು ಆಡುತ್ತಲೇ ಇರುತ್ತಾರೆ. ಇದನ್ನು ತೀರ್ಮಾನ ಮಾಡುವವರು ಯಾರು?

ಕೊನೆಯ ಪ್ರಶ್ನೆಯೇ ಇಲ್ಲಿ ಮುಖ್ಯ. ಎಫ್‌ಐಆರ್‌ಗೂ ತೀರ್ಪಿಗೂ ನಡುವೆ ವರ್ಷಗಳೇ ಕಳೆಯುತ್ತವೆ. ಆ ಅವಧಿಯಲ್ಲಿ ಆಟಗಾರನನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದಕ್ಕೆ ನಮ್ಮಲ್ಲಿ ಬರೆದಿಟ್ಟ ನಿಯಮ ಬಹುಮಟ್ಟಿಗೆ ಇಲ್ಲ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ನ್ಯಾಯ ಸಿಗುತ್ತಿದೆ.

ಎಫ್‌ಐಆರ್, ರದ್ದು, ಖುಲಾಸೆ

ಎಫ್‌ಐಆರ್ ಅಂದರೆ ಪೊಲೀಸರಿಗೆ ದೂರು ಬಂದಿದೆ, ಅವರು ಅದನ್ನು ಬರೆದುಕೊಂಡಿದ್ದಾರೆ ಎಂದಷ್ಟೇ. ಆ ಹಂತದಲ್ಲಿ ಯಾರೂ ಸಾಕ್ಷ್ಯವನ್ನು ತೂಗಿ ನೋಡಿರುವುದಿಲ್ಲ. ತನಿಖೆ ಮುಗಿದ ಮೇಲೆ ಚಾರ್ಜ್‌ಶೀಟ್ ಹಾಕಬಹುದು, ಏನೂ ಸಿಗದಿದ್ದರೆ ಬಿ ರಿಪೋರ್ಟ್ ಕೊಡಬಹುದು. ಚಾರ್ಜ್‌ಶೀಟ್ ಬಂದ ಮೇಲೂ ವಿಚಾರಣೆ ನಡೆಸುವಷ್ಟು ಹುರುಳಿಲ್ಲ ಅನ್ನಿಸಿದರೆ ಕೋರ್ಟ್ ಆರೋಪಿಯನ್ನು ಕೇಸಿನಿಂದ ಬಿಡುಗಡೆ ಮಾಡಬಹುದು. ಖುಲಾಸೆ ಬರುವುದು ಇದೆಲ್ಲ ದಾಟಿ ಪೂರ್ತಿ ವಿಚಾರಣೆ ಮುಗಿದ ಮೇಲೆ.

ರದ್ದು ಮಾಡುವುದು ಬೇರೆ ದಾರಿ. ದೂರಿನಲ್ಲಿ ಹೇಳಿದ್ದು ಅಪರಾಧವೇ ಆಗುವುದಿಲ್ಲ, ಇಲ್ಲವೇ ಕೇಸ್ ಮುಂದುವರಿಸುವುದು ಕಾನೂನಿನ ದುರ್ಬಳಕೆ ಆಗುತ್ತದೆ ಅನ್ನಿಸಿದಾಗ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಈ ಅಧಿಕಾರ ಬಳಸುತ್ತದೆ.

ಲಕ್ಷ್ಯ ಸೇನ್ ಪ್ರಕರಣದಲ್ಲಿ ರದ್ದತಿಗೆ ಗಟ್ಟಿ ಕಾರಣಗಳಿದ್ದವು. ವಯಸ್ಸಿನ ವಿಚಾರವನ್ನು ಕ್ರೀಡಾ ಪ್ರಾಧಿಕಾರ ಹಿಂದೆಯೇ ಪರಿಶೀಲಿಸಿತ್ತು, ವೈದ್ಯಕೀಯ ಪರೀಕ್ಷೆಯೂ ಆಗಿತ್ತು. ಮುಗಿದಿದ್ದ ವಿಷಯವನ್ನು ಹೊಸ ಪುರಾವೆ ಇಲ್ಲದೆ ವರ್ಷಗಳ ನಂತರ ಎತ್ತಲಾಗಿದೆ ಎಂದು ಸುಪ್ರೀಂ ಕೋರ್ಟ್ ಕಂಡಿತು. ದೇಶಕ್ಕೆ ಹೆಸರು ತಂದ, ಕಳಂಕವಿಲ್ಲದ ಆಟಗಾರರನ್ನು ಮೇಲ್ನೋಟದ ಸಾಕ್ಷ್ಯವೂ ಇಲ್ಲದೆ ವಿಚಾರಣೆಯ ಸಂಕಟಕ್ಕೆ ದೂಡುವುದು ಸರಿಯಲ್ಲ ಎಂಬ ಅರ್ಥದ ಮಾತೂ ತೀರ್ಪಿನಲ್ಲಿದೆ. ತೀರ್ಪು ಸರಿ. ಆದರೆ ಪದಕದ ಮಾತು ಅಲ್ಲಿ ಬೇಕಿರಲಿಲ್ಲ. ಸಾಕ್ಷ್ಯ ಇಲ್ಲ ಅಂದರೆ ಜಿಲ್ಲಾ ಮಟ್ಟದಲ್ಲೇ ಸೋತ ಹುಡುಗನಿಗೂ ಇದೇ ರಕ್ಷಣೆ ಸಿಗಬೇಕು, ಅಲ್ವಾ?

ಕೋರ್ಟಿನ ತಕ್ಕಡಿ, ಮಂಡಳಿಯ ತಕ್ಕಡಿ

ಕೆಪಿಎಲ್ ಪ್ರಕರಣ ಇದಕ್ಕೆ ತಿರುಗುಮುರುಗು. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ತನಿಖೆ ಮಾಡುತ್ತಿದ್ದ ಬೆಂಗಳೂರಿನ ಸಿಸಿಬಿ ಪೊಲೀಸರು ನವೆಂಬರ್‌ನಲ್ಲಿ ಸಿ.ಎಂ. ಗೌತಮ್ ಮತ್ತು ಅಬ್ರಾರ್ ಕಾಜಿಯನ್ನು ಬಂಧಿಸಿದರು. ಗೌತಮ್ ಕರ್ನಾಟಕದ ರಣಜಿ ತಂಡಕ್ಕೆ ವರ್ಷಗಟ್ಟಲೆ ಕೀಪಿಂಗ್ ಮಾಡಿದವರು. ಆ ಋತುವಿಗೆ ಗೋವಾ ತಂಡಕ್ಕೆ ಹೋಗಿದ್ದರು. ಸಯ್ಯದ್ ಮುಷ್ತಾಕ್ ಅಲಿ ಟೂರ್ನಿ ಶುರುವಾಗುವ ಹೊತ್ತಿಗೆ ಬಂಧನವಾಯಿತು. ಗೋವಾ ಸಂಸ್ಥೆ ಕರಾರು ಮುರಿಯಿತು.

2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಈ ಆಟಗಾರರ ಮೇಲಿನ ವಂಚನೆ ಕೇಸನ್ನು ರದ್ದು ಮಾಡಿತು. 'ಗೌತಮ್‌ಗೆ ಕ್ಲೀನ್ ಚಿಟ್' ಅಂತ ಹಲವರು ಓದಿಕೊಂಡರು. ಹೈಕೋರ್ಟ್ ಹೇಳಿದ್ದು ಬೇರೆ. ಆಗಿನ ಭಾರತೀಯ ದಂಡ ಸಂಹಿತೆಯ 420ನೇ ಕಲಂ ಪ್ರಕಾರ ವಂಚನೆ ಅನ್ನಬೇಕಾದರೆ ಒಬ್ಬರಿಗೆ ಮೋಸ ಮಾಡಿ ಅವರ ಹಣ ಅಥವಾ ಸ್ವತ್ತು ಕೈಬಿಡುವಂತೆ ಮಾಡಿರಬೇಕು. ಪ್ರೇಕ್ಷಕ ಟಿಕೆಟ್ ಕೊಳ್ಳುವುದು ತನ್ನಿಷ್ಟದಿಂದ. ಹಾಗಾಗಿ ಫಿಕ್ಸಿಂಗ್ ನಡೆದಿದೆ ಅಂತಲೇ ಇಟ್ಟುಕೊಂಡರೂ ಅದು ಈ ಕಲಮಿನ ಕೆಳಗೆ ಬರುವುದಿಲ್ಲ. ಅದು ಆಟಗಾರನ ಅಪ್ರಾಮಾಣಿಕತೆ, ಅಶಿಸ್ತು ಆಗಬಹುದು. ಆಗ ಕ್ರಮ ತೆಗೆದುಕೊಳ್ಳಬೇಕಾದ್ದು ಬಿಸಿಸಿಐ.

ಅಂದರೆ ಅವರು ಮಾಡಿದ್ದಾರೆ ಅಂತಲೂ ಸಾಬೀತಾಗಲಿಲ್ಲ, ಮಾಡಿಲ್ಲ ಅಂತಲೂ ಸಾಬೀತಾಗಲಿಲ್ಲ. ಆರೋಪದ ಸತ್ಯಾಸತ್ಯವನ್ನು ಯಾರೂ ತೂಗಲೇ ಇಲ್ಲ. ಆಟಗಾರನ ಪಾಲಿಗೆ ಬಹುಶಃ ಇದೇ ಅತಿ ಕೆಟ್ಟ ಜಾಗ. ಜೈಲು ತಪ್ಪಿತು, ಮಾತು ತಪ್ಪಲಿಲ್ಲ.

ಶ್ರೀಶಾಂತ್ ಕಥೆಯಲ್ಲಿ ಕೋರ್ಟ್ ಮತ್ತು ಮಂಡಳಿ ನೇರವಾಗಿ ಮುಖಾಮುಖಿಯಾದವು. 2013ರ ಮೇ ತಿಂಗಳಲ್ಲಿ ದೆಹಲಿ ಪೊಲೀಸರು ಕೇರಳದ ಈ ವೇಗಿಯನ್ನು ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಆರೋಪದಲ್ಲಿ ಬಂಧಿಸಿದರು. ಸೆಪ್ಟೆಂಬರ್‌ನಲ್ಲಿ ಬಿಸಿಸಿಐ ಆಜೀವ ನಿಷೇಧ ಹೇರಿತು. 2015ರ ಜುಲೈನಲ್ಲಿ ದೆಹಲಿಯ ಕೋರ್ಟ್ ಅವರನ್ನು ಕೇಸಿನಿಂದ ಬಿಡುಗಡೆ ಮಾಡಿತು. ನಿಷೇಧ ಮಾತ್ರ ಹಾಗೇ ಉಳಿಯಿತು. 2017ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ನಿಷೇಧ ತೆಗೆಯಿತು, ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ ಮತ್ತೆ ಹೇರಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆಜೀವ ಶಿಕ್ಷೆ ಅತಿಯಾಯಿತು, ಮರುಪರಿಶೀಲಿಸಿ ಎಂದಿತು. ಕ್ರಿಮಿನಲ್ ಕೇಸಿನಿಂದ ಬಿಡುಗಡೆಯಾದ ಮಾತ್ರಕ್ಕೆ ಮಂಡಳಿಯ ಶಿಸ್ತುಕ್ರಮ ಬಿದ್ದುಹೋಗುವುದಿಲ್ಲ ಎಂಬುದನ್ನೂ ಅದು ಒಪ್ಪಿತು. ಕೊನೆಗೆ ಬಿಸಿಸಿಐ ಒಂಬುಡ್ಸ್‌ಮನ್ (ದೂರು ವಿಚಾರಿಸುವ ಅಧಿಕಾರಿ) ಡಿ.ಕೆ. ಜೈನ್ ಶಿಕ್ಷೆಯನ್ನು ಏಳು ವರ್ಷಕ್ಕೆ ಇಳಿಸಿದರು. 2020ರ ಸೆಪ್ಟೆಂಬರ್‌ನಲ್ಲಿ ಅದು ಮುಗಿಯಿತು.

ಕೋರ್ಟ್ ಬಿಟ್ಟ ಮೇಲೂ ಮಂಡಳಿ ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂಬ ಗೊಂದಲಕ್ಕೆ ಉತ್ತರ ಇಬ್ಬರೂ ಬಳಸುವ ತಕ್ಕಡಿಯಲ್ಲಿದೆ. ಕ್ರಿಮಿನಲ್ ಕೋರ್ಟ್ ಒಬ್ಬನ ಸ್ವಾತಂತ್ರ್ಯವನ್ನೇ ಕಿತ್ತುಕೊಳ್ಳಬಲ್ಲದು. ಅದಕ್ಕೇ ಅಲ್ಲಿ ಸಂದೇಹಕ್ಕೆ ಎಡೆಯಿಲ್ಲದ ಪುರಾವೆ ಬೇಕು. ಮಂಡಳಿ ಕಿತ್ತುಕೊಳ್ಳುವುದು ಆಡುವ ಅವಕಾಶವನ್ನು. ನಡೆದಿರುವ ಸಾಧ್ಯತೆ ಜಾಸ್ತಿ ಅನ್ನಿಸಿದರೆ ಅದಕ್ಕೆ ಸಾಕು. ಸರಕಾರಿ ಕಚೇರಿಗಳ ಇಲಾಖಾ ವಿಚಾರಣೆಯಲ್ಲೂ ಇದೇ ಪದ್ಧತಿ. ತರ್ಕ ಸರಿಯಾಗಿಯೇ ಇದೆ. ಆದರೆ ಆಟ ಬಿಟ್ಟು ಬೇರೆ ಕಸುಬು ಗೊತ್ತಿಲ್ಲದವನಿಗೆ ಆಡುವ ಅವಕಾಶ ಹೋದರೆ ಉಳಿಯುವುದು ಏನು ಎಂಬ ಪ್ರಶ್ನೆಯನ್ನು ಈ ತರ್ಕ ಮುಟ್ಟುವುದಿಲ್ಲ.

ಕೇಸಿಗೆ ವಯಸ್ಸಾಗುವುದಿಲ್ಲ

ವೇಗದ ಬೌಲರ್ ಒಬ್ಬನ ಒಳ್ಳೆಯ ವರ್ಷಗಳು ಹತ್ತಿದ್ದರೆ ಹೆಚ್ಚು. ನಮ್ಮ ಕೋರ್ಟುಗಳಲ್ಲಿ ಒಂದು ಕೇಸ್ ಐದಾರು ವರ್ಷ ಎಳೆಯುವುದು ಯಾರಿಗೂ ಆಶ್ಚರ್ಯ ತರುವ ವಿಷಯವಲ್ಲ. ಐವತ್ತೈದರ ಉದ್ಯಮಿಗೆ ಆ ಐದು ವರ್ಷ ತೊಂದರೆ ಕೊಡುತ್ತದೆ. ಇಪ್ಪತ್ತೇಳರ ಆಟಗಾರನಿಗೆ ಅದೇ ಪೂರ್ತಿ ವೃತ್ತಿ.

ಶ್ರೀಶಾಂತ್ ಬಂಧನವಾದಾಗ 30 ವರ್ಷ. ಮತ್ತೆ ಕೇರಳ ತಂಡಕ್ಕೆ ಮರಳಿದಾಗ 37. 2022ರ ಮಾರ್ಚ್‌ನಲ್ಲಿ ನಿವೃತ್ತಿ ಹೇಳಿದರು. ಮ್ಯಾಚ್ ಫಿಕ್ಸಿಂಗ್ ಆರೋಪ ಹೊತ್ತ ಮಾಜಿ ನಾಯಕ ಅಜರುದ್ದೀನ್ ಅವರದು ಇನ್ನೂ ದೂರದ ಲೆಕ್ಕ. ಅವರ ಮೇಲೆ ಕ್ರಿಮಿನಲ್ ವಿಚಾರಣೆ ನಡೆಯಲೇ ಇಲ್ಲ. ಸಿಬಿಐ ವರದಿಯ ಬೆನ್ನಲ್ಲೇ ಬಿಸಿಸಿಐ 2000ದ ಡಿಸೆಂಬರ್‌ನಲ್ಲಿ ಆಜೀವ ನಿಷೇಧ ಹಾಕಿತು. ಆ ನಿಷೇಧ ಕಾನೂನಿಗೆ ವಿರುದ್ಧ ಎಂದು ಆಂಧ್ರಪ್ರದೇಶ ಹೈಕೋರ್ಟ್ ಹೇಳಿದ್ದು 2012ರ ನವೆಂಬರ್‌ನಲ್ಲಿ. ಆಗ ಅವರಿಗೆ 49. ಬೆಂಗಳೂರಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಶತಕ ಹೊಡೆದ 99ನೇ ಟೆಸ್ಟೇ ಅವರ ಕೊನೆಯದು.

ಇಲ್ಲಿ ಒಂದು ಎಚ್ಚರ ಬೇಕು. ನಿಷೇಧ ರದ್ದಾಯಿತು ಅಂದ ಮಾತ್ರಕ್ಕೆ ಹಿಂದಿನ ಆರೋಪವೆಲ್ಲ ಕಟ್ಟುಕಥೆ ಅಂತ ಆಗುವುದಿಲ್ಲ. ಶಿಕ್ಷೆ ಕೊಟ್ಟ ರೀತಿ ತಪ್ಪು ಎಂದೂ ಕೋರ್ಟ್ ಹೇಳಬಹುದು, ಪುರಾವೆ ಸಾಲದು ಎಂದೂ ಹೇಳಬಹುದು. ಆದರೆ ಯಾವ ಕಾರಣಕ್ಕೆ ರದ್ದಾದರೂ ಕಳೆದ ವರ್ಷಗಳನ್ನು ಯಾವ ಕೋರ್ಟೂ ಮರಳಿಸುವುದಿಲ್ಲ.

ವಿದೇಶದಲ್ಲಿ ಸಿಕ್ಕಿಬಿದ್ದರೆ ಪರಿಸ್ಥಿತಿ ಇನ್ನೂ ಬಿಗಿ. ಶ್ರೀಲಂಕಾದ ದನುಷ್ಕ ಗುಣತಿಲಕ ಅವರನ್ನು 2022ರ ನವೆಂಬರ್‌ನಲ್ಲಿ, ಟಿ20 ವಿಶ್ವಕಪ್ ನಡುವೆಯೇ ಸಿಡ್ನಿಯ ಪೊಲೀಸರು ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಬಂಧಿಸಿದರು. ತಂಡ ಅವರನ್ನು ಬಿಟ್ಟು ಊರಿಗೆ ಹೋಯಿತು. ಜಾಮೀನು ಸಿಕ್ಕರೂ ದೇಶ ಬಿಡುವಂತಿಲ್ಲ. ಸುಮಾರು ಹನ್ನೊಂದು ತಿಂಗಳು ಅಲ್ಲೇ ಇದ್ದರು. 2023ರ ಸೆಪ್ಟೆಂಬರ್‌ನಲ್ಲಿ ಖುಲಾಸೆಯಾಯಿತು, ಮುಂದಿನ ತಿಂಗಳು ಶ್ರೀಲಂಕಾ ಮಂಡಳಿ ನಿಷೇಧ ತೆಗೆಯಿತು. ಆಸ್ಟ್ರೇಲಿಯದಂಥ ಕಡೆ ಒಂದು ವರ್ಷದೊಳಗೆ ಕೇಸ್ ಮುಗಿದದ್ದು ಅವರ ಅದೃಷ್ಟ ಅಂತಲೇ ಹೇಳಬೇಕು.

ದುಡ್ಡು ಮತ್ತು ವೀಸಾ

ಆರೋಪ ಬಂದ ಕೂಡಲೇ ಮೊದಲು ಜಾಗ ಖಾಲಿ ಮಾಡುವವರು ಜಾಹೀರಾತಿನವರು. ಒಪ್ಪಂದದಲ್ಲಿ ನಡತೆಯ ಷರತ್ತು ಇರುತ್ತದೆ. ಬ್ರ್ಯಾಂಡಿನ ಹೆಸರಿಗೆ ಧಕ್ಕೆ ಅನ್ನಿಸಿದರೆ ಸಾಕು, ತೀರ್ಪಿಗೆ ಕಾಯಬೇಕಿಲ್ಲ. ಇಂಗ್ಲೆಂಡ್ ಕ್ರಿಕೆಟಿಗ ಬೆನ್ ಸ್ಟೋಕ್ಸ್ 2017ರ ಸೆಪ್ಟೆಂಬರ್‌ನಲ್ಲಿ ಬ್ರಿಸ್ಟಲ್‌ನ ಬೀದಿ ಜಗಳದಲ್ಲಿ ಬಂಧನವಾದರು. ಅಕ್ಟೋಬರ್‌ನಲ್ಲೇ ಪ್ರಾಯೋಜಕ ಕಂಪನಿ ನ್ಯೂ ಬ್ಯಾಲೆನ್ಸ್ ಕೈಬಿಟ್ಟಿತು. ಅವರು ಖುಲಾಸೆಯಾದದ್ದು 2018ರ ಆಗಸ್ಟ್‌ನಲ್ಲಿ.

ಸಂಬಳದ ವಿಚಾರದಲ್ಲಿ ಬೆಂಜಮಿನ್ ಮೆಂಡಿ ಪ್ರಕರಣ ಎಲ್ಲ ಕ್ಲಬ್‌ಗಳ ಕಣ್ಣು ತೆರೆಸಿತು. ಫ್ರಾನ್ಸಿಗೆ 2018ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಮೆಂಡಿ ಆಗ ಮ್ಯಾಂಚೆಸ್ಟರ್ ಸಿಟಿ ಫುಟ್‌ಬಾಲ್ ಕ್ಲಬ್‌ನ ಆಟಗಾರ. 2021ರ ಆಗಸ್ಟ್‌ನಲ್ಲಿ ಅತ್ಯಾಚಾರದ ಆರೋಪ ಹೊರಿಸಿದ ಕೂಡಲೇ ಕ್ಲಬ್ ಅಮಾನತು ಮಾಡಿತು. ಸೆಪ್ಟೆಂಬರ್‌ನಿಂದ ಸಂಬಳವನ್ನೂ ನಿಲ್ಲಿಸಿತು. 2023ರ ಜನವರಿಯಲ್ಲಿ ಹೆಚ್ಚಿನ ಆರೋಪಗಳಿಂದ, ಜುಲೈನಲ್ಲಿ ಉಳಿದವುಗಳಿಂದ ಅವರು ಖುಲಾಸೆಯಾದರು. ಅಷ್ಟರಲ್ಲಿ ಕರಾರು ಮುಗಿದಿತ್ತು. ವಕೀಲರ ಖರ್ಚಿಗೆ ಮನೆ ಮಾರಿದೆ, ಜೊತೆ ಆಟಗಾರರ ಹತ್ತಿರ ಸಾಲ ಮಾಡಿದೆ ಎಂದು ಅವರು ಹೇಳಿಕೊಂಡರು. ಬಾಕಿ ಸಂಬಳ ಸುಮಾರು 1.1 ಕೋಟಿ ಪೌಂಡ್. 2024ರ ನವೆಂಬರ್‌ನಲ್ಲಿ ಉದ್ಯೋಗ ನ್ಯಾಯಮಂಡಳಿ ಅದರಲ್ಲಿ ಹೆಚ್ಚಿನ ಪಾಲು ಕೊಡಬೇಕು ಎಂದಿತು. ಆತ ಕೆಲಸಕ್ಕೆ ಸಿದ್ಧನಿದ್ದ, ಬರಲಾಗದ್ದು ಆತನ ತಪ್ಪಿನಿಂದಲ್ಲ ಎಂಬುದು ತರ್ಕ. ಜಾಮೀನು ಷರತ್ತು ಮುರಿದು ಜೈಲಿನಲ್ಲಿದ್ದ ಸುಮಾರು ಐದು ತಿಂಗಳ ಸಂಬಳಕ್ಕೆ ಮಾತ್ರ ಹಕ್ಕಿಲ್ಲ.

ನಮ್ಮಲ್ಲಿ ಒಂದು ವಿಚಿತ್ರ ನೋಡಿ. ನಮ್ಮ ಬಹಳಷ್ಟು ಕುಸ್ತಿಪಟುಗಳು, ಕಬಡ್ಡಿ ಆಟಗಾರರು, ಓಟಗಾರರು ರೈಲ್ವೆ ಅಥವಾ ಪೊಲೀಸ್ ಇಲಾಖೆಯ ನೌಕರರು. ಕೇಂದ್ರ ಸರಕಾರಿ ನೌಕರ 48 ಗಂಟೆಗಿಂತ ಹೆಚ್ಚು ಹೊತ್ತು ಕಸ್ಟಡಿಯಲ್ಲಿದ್ದರೆ ತಾನಾಗಿಯೇ ಅಮಾನತು. ಆದರೆ ಮೊದಲ ತಿಂಗಳುಗಳಲ್ಲಿ ಸುಮಾರು ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ ಬರುತ್ತದೆ. ಖುಲಾಸೆಯಾದರೆ ಹಿಂದಿನ ಬಾಕಿ ಕೇಳುವ ದಾರಿಯೂ ಇದೆ. ನಾವೆಲ್ಲ ಬೈಯುವ ಈ ಹಳೇ ಸರಕಾರಿ ನಿಯಮ, ಕೋಟಿಗಳಲ್ಲಿ ಆಡುವ ಲೀಗ್‌ಗಳಿಗಿಂತ ಸ್ಪಷ್ಟವಾಗಿದೆ. ಪಂದ್ಯಕ್ಕಿಷ್ಟು ಅಂತ ಸಂಭಾವನೆ ಪಡೆಯುವ ರಾಜ್ಯ ಮಟ್ಟದ ಕ್ರಿಕೆಟಿಗನನ್ನು ತಂಡಕ್ಕೆ ಆರಿಸದಿದ್ದರೆ ಆಯಿತು. ಅಮಾನತು ಎಂಬ ಕಾಗದವೂ ಬೇಡ, ಭತ್ಯೆಯೂ ಇಲ್ಲ.

ವೀಸಾ ಇನ್ನೊಂದು ತೊಡಕು. ಮೊಹಮ್ಮದ್ ಶಮಿ ಮೇಲೆ 2018ರಲ್ಲಿ ಪತ್ನಿ ಕೌಟುಂಬಿಕ ದೌರ್ಜನ್ಯದ ದೂರು ಕೊಟ್ಟಿದ್ದರು. ಆ ಪೊಲೀಸ್ ದಾಖಲೆಯ ಕಾರಣಕ್ಕೆ 2019ರಲ್ಲಿ ಅಮೆರಿಕ ಮೊದಲು ವೀಸಾ ನಿರಾಕರಿಸಿತು. ಬಿಸಿಸಿಐ ಪತ್ರ ಬರೆದ ಮೇಲೆ ಸಿಕ್ಕಿತು. ನೇಪಾಳದ ಕ್ರಿಕೆಟಿಗ ಸಂದೀಪ್ ಲಾಮಿಛಾನೆಗೆ ಅಷ್ಟು ಬಲದ ಮಂಡಳಿ ಇರಲಿಲ್ಲ. ಅತ್ಯಾಚಾರ ಪ್ರಕರಣದಲ್ಲಿ 2024ರ ಜನವರಿಯಲ್ಲಿ ಕಾಠ್ಮಂಡು ಜಿಲ್ಲಾ ಕೋರ್ಟ್ ಅವರಿಗೆ ಎಂಟು ವರ್ಷ ಶಿಕ್ಷೆ ಕೊಟ್ಟಿತ್ತು. ಮೇ ತಿಂಗಳಲ್ಲಿ ಪಾಟನ್ ಹೈಕೋರ್ಟ್ ಖುಲಾಸೆ ಮಾಡಿತು. ಟಿ20 ವಿಶ್ವಕಪ್‌ಗೆ ಅಮೆರಿಕದ ವೀಸಾ ಮಾತ್ರ ಸಿಗಲಿಲ್ಲ. ವೆಸ್ಟ್ ಇಂಡೀಸ್‌ನಲ್ಲಿ ನಡೆದ ಕೊನೆಯ ಎರಡು ಪಂದ್ಯಗಳಿಗಷ್ಟೇ ತಂಡ ಸೇರಿದರು.

ದೂರು ಕೊಟ್ಟವರ ಕಡೆಯಿಂದ

ಇಲ್ಲಿಯವರೆಗೆ ಓದಿದವರಿಗೆ ಆಟಗಾರರೆಲ್ಲ ಬಲಿಪಶುಗಳು ಅನ್ನಿಸಬಹುದು. ಅದು ಅರ್ಧ ಚಿತ್ರ ಮಾತ್ರ.

ಹೆಸರಾಂತ ಕ್ರೀಡಾಪಟುವಿನ ಮೇಲೆ ದೂರು ಕೊಡುವುದು ಸುಲಭವಲ್ಲ. ಆತನಿಗೆ ಹಣ, ವಕೀಲರು, ಅಭಿಮಾನಿಗಳ ಸೈನ್ಯ ಇರುತ್ತದೆ. ಲೈಂಗಿಕ ದೌರ್ಜನ್ಯದ ದೂರು ಕೊಟ್ಟವರ ಹೆಸರು ಬಯಲು ಮಾಡುವುದು ಅಪರಾಧ ಎಂದು ಕಾನೂನು ಹೇಳಿದರೂ ಫ್ಯಾನ್ ಪೇಜ್‌ಗಳು ಕೆಲವೇ ಗಂಟೆಗಳಲ್ಲಿ ಅವರ ಫೋಟೊ ಹುಡುಕಿ ಹಾಕಿರುತ್ತವೆ. ಕ್ರೀಡೆಯೊಳಗಿನ ಅಧಿಕಾರಸ್ಥರ ಮೇಲೆ ದೂರು ದಾಖಲಿಸುವುದು ಎಷ್ಟು ಕಷ್ಟ ಎಂಬುದನ್ನು 2023ರಲ್ಲಿ ಕುಸ್ತಿಪಟುಗಳು ತೋರಿಸಿದರು. ಸಾಕ್ಷಿ ಮಲಿಕ್, ವಿನೇಶ್ ಫೋಗಟ್ ಅಂಥವರು ಜನವರಿಯಲ್ಲಿ ಜಂತರ್ ಮಂತರ್‌ನಲ್ಲಿ ಕೂತರು. ಎಫ್‌ಐಆರ್ ಆದದ್ದು ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, ಏಪ್ರಿಲ್ ಕೊನೆಗೆ. ಒಲಿಂಪಿಕ್ ಪದಕ ಗೆದ್ದವರಿಗೇ ಈ ಪಾಡು.

ಹಾಗಾಗಿ 'ತೀರ್ಪು ಬರುವವರೆಗೂ ಏನೂ ಮಾಡಬೇಡಿ' ಎಂಬ ವಾದವನ್ನು ಸುಮ್ನೆ ಒಪ್ಪಲು ಆಗುವುದಿಲ್ಲ. ಆರೋಪಿ ಅದೇ ಶಿಬಿರದಲ್ಲಿದ್ದರೆ ಸಾಕ್ಷಿ ಹೇಳುವವರು ಹೆದರುತ್ತಾರೆ. ಮಂಡಳಿಯೇ ಆತನ ಬೆನ್ನಿಗೆ ನಿಂತಂತೆ ಕಾಣುತ್ತದೆ. ಲಾಮಿಛಾನೆ ಜಾಮೀನಿನ ಮೇಲೆ ಹೊರಬಂದು ವಿಚಾರಣೆ ಬಾಕಿ ಇರುವಾಗಲೇ ನೇಪಾಳಕ್ಕೆ ಆಡಿದಾಗ ಸ್ಕಾಟ್ಲೆಂಡ್ ಮತ್ತು ನಮೀಬಿಯಾ ಆಟಗಾರರು ಪಂದ್ಯ ಮುಗಿದ ಮೇಲೆ ಅವರ ಕೈ ಕುಲುಕಲಿಲ್ಲ. ಅದು ಅನ್ಯಾಯವೋ ನೈತಿಕ ನಿಲುವೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ಇನ್ನೊಂದು ಮಾತು. ಖುಲಾಸೆಯಾಯಿತು ಅಂದರೆ ದೂರು ಸುಳ್ಳು ಅಂತ ತಾನಾಗಿ ಆಗುವುದಿಲ್ಲ. ಪುರಾವೆ ಸಾಲದೆ ಬಿದ್ದ ಕೇಸಿಗೂ ಸುಳ್ಳು ಎಂದು ಸಾಬೀತಾದ ದೂರಿಗೂ ಬಹಳ ವ್ಯತ್ಯಾಸ ಇದೆ. ಖುಲಾಸೆ ಸುದ್ದಿ ಬಂದ ದಿನ ದೂರುದಾರರನ್ನು ಜೈಲಿಗೆ ಹಾಕಿ ಎಂದು ಕೂಗುವವರು ಮೊದಲ ದಿನ ಆಟಗಾರನನ್ನು ಜೈಲಿಗೆ ಹಾಕಿ ಎಂದವರಷ್ಟೇ ಅವಸರದವರು.

ಸಂಬಳ ಕೊಟ್ಟು ಕೂರಿಸುವ ದಾರಿ

ಈ ಎರಡೂ ಕಡೆಯನ್ನು ಹೊಂದಿಸಲು ಹೆಚ್ಚು ಗಂಭೀರ ಪ್ರಯತ್ನ ನಡೆದದ್ದು ಆಸ್ಟ್ರೇಲಿಯದ ರಗ್ಬಿ ಲೀಗ್‌ನಲ್ಲಿ. 2019ರಲ್ಲಿ ಅಲ್ಲಿಯ ಎನ್‌ಆರ್‌ಎಲ್ ಒಂದು ನಿಯಮ ತಂದಿತು. 11 ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಗೆ ಅವಕಾಶವಿರುವ ಗಂಭೀರ ಆರೋಪ ಹೊರಿಸಿದರೆ ಆಟಗಾರ ಪಂದ್ಯ ಆಡುವಂತಿಲ್ಲ. ಆದರೆ ಪೂರ್ತಿ ಸಂಬಳ ಬರುತ್ತದೆ, ಅಭ್ಯಾಸವನ್ನೂ ಮಾಡಬಹುದು. ತಪ್ಪು ಮಾಡಿದ್ದಾನೆ ಎಂಬ ತೀರ್ಮಾನ ಇದರಲ್ಲಿ ಇಲ್ಲ ಎಂದು ನಿಯಮದಲ್ಲೇ ಬರೆದಿದೆ.

ಅದರ ಮೊದಲ ದೊಡ್ಡ ಪರೀಕ್ಷೆ, ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ಆಟಗಾರ ಜ್ಯಾಕ್ ಡಿ ಬೆಲಿನ್. ನಿಯಮವನ್ನು ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಿ ಸೋತರು. ಎರಡು ಸಲ ವಿಚಾರಣೆ ನಡೆಯಿತು. ಹೆಚ್ಚಿನ ಆರೋಪಗಳ ಬಗ್ಗೆ ಎರಡೂ ಸಲ ಜೂರಿ ಒಮ್ಮತಕ್ಕೆ ಬರಲಿಲ್ಲ. 2021ರ ಮೇನಲ್ಲಿ ಪ್ರಾಸಿಕ್ಯೂಷನ್ ಉಳಿದ ಆರೋಪಗಳನ್ನು ಕೈಬಿಟ್ಟಿತು. ಎರಡು ಋತುಗಳಿಗೂ ಹೆಚ್ಚು ಆಟ ಹೋಯಿತು, ಸಂಬಳ ಹೋಗಲಿಲ್ಲ. ಜೂನ್‌ನಲ್ಲಿ ಅದೇ ಕ್ಲಬ್‌ಗೆ ಆಡಿದರು. ಪೂರ್ತಿ ನ್ಯಾಯ ಅಂತ ಇದನ್ನು ಕರೆಯಲಾಗದು. ಆದರೆ ಎಲ್ಲರಿಗೂ ಒಂದೇ ಗೆರೆ ಇತ್ತು, ಆ ಗೆರೆ ಎಲ್ಲಿದೆ ಅಂತ ಮೊದಲೇ ಗೊತ್ತಿತ್ತು.

ಅಮೆರಿಕದ ಬೇಸ್‌ಬಾಲ್ ಬೇರೆ ದಾರಿ ಹಿಡಿದಿದೆ. 2015ರಿಂದ ಅಲ್ಲಿ ಕೌಟುಂಬಿಕ ಮತ್ತು ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಲೀಗ್ ತಾನೇ ತನಿಖೆ ಮಾಡುತ್ತದೆ. ಶಿಕ್ಷೆಗೆ ಪೊಲೀಸ್ ಕೇಸೇ ಬೇಕಿಲ್ಲ. ಡಾಜರ್ಸ್ ತಂಡದ ಆಟಗಾರ ಟ್ರೆವರ್ ಬಾವರ್ ಮೇಲೆ ಪ್ರಾಸಿಕ್ಯೂಟರ್ ಆರೋಪ ಹೊರಿಸಲು ನಿರಾಕರಿಸಿದ ಮೇಲೂ ಲೀಗ್ 324 ಪಂದ್ಯಗಳ ನಿಷೇಧ ಹಾಕಿತು. ಮಧ್ಯಸ್ಥಗಾರ ಅದನ್ನು 194ಕ್ಕೆ ಇಳಿಸಿದರು. ತಂಡ ಕೈಬಿಟ್ಟಿತು, ಬಾವರ್ ಜಪಾನಿಗೆ ಹೋದರು. ಈ ಪದ್ಧತಿಯಲ್ಲಿ ದೂರುದಾರರಿಗೆ ಕೋರ್ಟಿನ ಹೊರಗೂ ಒಂದು ಬಾಗಿಲು ಸಿಗುತ್ತದೆ. ತೊಂದರೆ ಏನೆಂದರೆ ತನಿಖೆ ಗುಟ್ಟಾಗಿರುತ್ತದೆ. ಲೀಗ್‌ಗೆ ಏನು ಸಿಕ್ಕಿತು ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಸ್ಟಾರ್‌ಗೆ ಕಾಯುತ್ತಾರೆ

ನಮ್ಮಲ್ಲಿ ನಿಯಮದ ಜಾಗವನ್ನು ಏನು ತುಂಬಿದೆ? ಬೇಡಿಕೆ.

ಸ್ಟೋಕ್ಸ್ ಉದಾಹರಣೆಯನ್ನೇ ತೆಗೆದುಕೊಳ್ಳಿ. ಇಂಗ್ಲೆಂಡ್ ಮಂಡಳಿ ಅವರನ್ನು ಆ್ಯಷಸ್ ಸರಣಿಯಿಂದ ದೂರ ಇಟ್ಟಿತು. ಅದೇ ಹೊತ್ತಿಗೆ, 2018ರ ಜನವರಿಯಲ್ಲಿ ಪೊಲೀಸರು ಆರೋಪ ಹೊರಿಸಿದ ಎರಡು ವಾರದೊಳಗೆ ಐಪಿಎಲ್ ಹರಾಜಿನಲ್ಲಿ ರಾಜಸ್ಥಾನ ರಾಯಲ್ಸ್ ಅವರಿಗೆ 12.5 ಕೋಟಿ ರೂಪಾಯಿ ಕೊಟ್ಟಿತು. ಆ ವರ್ಷದ ಹರಾಜಿನಲ್ಲಿ ಅತಿ ದುಬಾರಿ ಆಟಗಾರ ಅವರೇ. ಖುಲಾಸೆಯಾದ ವಾರದಲ್ಲೇ ಭಾರತದ ವಿರುದ್ಧ ಟೆಸ್ಟ್ ಆಡಿದರು. ಮುಂದಿನ ವರ್ಷ ವಿಶ್ವಕಪ್ ಗೆಲ್ಲಿಸಿದರು. ಈಗ ಬ್ರಿಸ್ಟಲ್ ಅಂದರೆ ಅವರ ಕಥೆಯಲ್ಲಿ ಒಂದು ಪ್ಯಾರಾ ಅಷ್ಟೆ.

ಶಮಿ ವಿಚಾರದಲ್ಲಿ ಬಿಸಿಸಿಐ ಮೊದಲು ಕರಾರು ತಡೆಹಿಡಿಯಿತು. ನಂತರ ದೂರನ್ನು ಎರಡು ಭಾಗ ಮಾಡಿತು. ಹಣ ಪಡೆದ ಆರೋಪವನ್ನು ತನ್ನ ಭ್ರಷ್ಟಾಚಾರ ತಡೆ ಘಟಕಕ್ಕೆ ಕೊಟ್ಟಿತು. ಕುಟುಂಬದ ವಿಷಯವನ್ನು ಕೋರ್ಟಿಗೆ ಬಿಟ್ಟಿತು. ಎರಡೇ ವಾರದಲ್ಲಿ ಘಟಕದ ವರದಿ ಬಂತು, ಕರಾರೂ ಬಂತು. ಈ ವಿಂಗಡಣೆ ನಿಜಕ್ಕೂ ಜಾಣತನದ್ದು. ಆದರೆ ಅಂಥ ವೇಗ ಭಾರತ ತಂಡದ ಮುಖ್ಯ ಬೌಲರ್‌ಗೆ ಸಿಕ್ಕಿತು. ಕೆಪಿಎಲ್‌ನಲ್ಲಿ ಆಡುತ್ತಿದ್ದವರಿಗೆ ಸಿಗಲಿಲ್ಲ. 33ರ ಗೌತಮ್ ಅವರ ಜಾಗಕ್ಕೆ ಕಾಯುತ್ತಿದ್ದ ಹುಡುಗರು ಹತ್ತಾರು. ಕಾಯುವ ಗರಜು ಯಾವ ತಂಡಕ್ಕೂ ಇರಲಿಲ್ಲ.

ಇದು ಆರೋಪಿಗಳಿಗೆ ಮಾತ್ರ ಅನ್ಯಾಯ ಅಂತ ತಿಳಿಯಬೇಡಿ. ಆಟ ಚೆನ್ನಾಗಿದ್ದರೆ ಆರೋಪ ನುಂಗಿಕೊಳ್ಳುತ್ತಾರೆ ಎಂಬ ಸಂದೇಶ ದೂರು ಕೊಡುವವರಿಗೂ ತಲುಪುತ್ತದೆ.

ಗೂಗಲ್‌ನಲ್ಲಿ ಉಳಿಯುವ ಹೆಸರು

ಕೆಲವರಿಗೆ ವೃತ್ತಿಯ ನಷ್ಟಕ್ಕಿಂತ ಮಾನದ ನಷ್ಟವೇ ದೊಡ್ಡದು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಚಿನ್ನ ಗೆದ್ದ ತಂಡದ ಪಿಂಕಿ ಪ್ರಾಮಾಣಿಕ್ ಮೇಲೆ 2012ರಲ್ಲಿ ಅತ್ಯಾಚಾರದ ದೂರು ಬಂತು. ಅವರು ಗಂಡಸು ಎಂಬುದೇ ದೂರಿನ ತಿರುಳು. ಮೂರು ವಾರಕ್ಕೂ ಹೆಚ್ಚು ಜೈಲಿನಲ್ಲಿದ್ದರು. ಅವರ ದೇಹದ ಪರೀಕ್ಷೆಯ ವಿಡಿಯೊ ಹೊರಗೆ ಹರಿದಾಡಿತು. 2014ರಲ್ಲಿ ಕಲ್ಕತ್ತಾ ಹೈಕೋರ್ಟ್ ಕೇಸ್ ರದ್ದು ಮಾಡಿತು. ಆ ವಿಡಿಯೊ ನೋಡಿದವರಲ್ಲಿ ಈ ಆದೇಶ ಓದಿದವರು ಎಷ್ಟು ಮಂದಿ?

ಬಂಧನದ ಸುದ್ದಿ ಮುಖಪುಟದಲ್ಲಿ, ಖುಲಾಸೆ ಒಳಪುಟದಲ್ಲಿ ಎಂಬುದು ಹಳೆಯ ದೂರು. ಹೊಸದೇನೆಂದರೆ ಮುಖಪುಟ ಈಗ ರದ್ದಿಗೆ ಹೋಗುವುದಿಲ್ಲ. ಹೆಸರು ಹುಡುಕಿದರೆ ಹತ್ತು ವರ್ಷದ ಹಿಂದಿನ ಬಂಧನವೇ ಮೇಲೆ ಬರುತ್ತದೆ. ಅಳಿಸಿ ಎಂದು ಕೇಳುವ ಹಕ್ಕಿನ ಬಗ್ಗೆ ನಮ್ಮ ಕೋರ್ಟುಗಳು ಇನ್ನೂ ಒಂದು ಮಾತಿಗೆ ಬಂದಿಲ್ಲ. ಖುಲಾಸೆಯಾದ ಒಬ್ಬರ ಹೆಸರಿರುವ ತೀರ್ಪನ್ನು ಕೋರ್ಟ್ ತೀರ್ಪುಗಳನ್ನು ಪ್ರಕಟಿಸುವ ಇಂಡಿಯನ್ ಕಾನೂನ್ ತಾಣದಿಂದ ತೆಗೆಯಬೇಕು ಎಂದು ಮದ್ರಾಸ್ ಹೈಕೋರ್ಟ್ 2024ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಹಾಗಾದರೆ ಮೊದಲೇ ಹೆಸರು ಮುಚ್ಚಿಡಬಹುದಲ್ಲ? ಇಂಗ್ಲೆಂಡಿನಲ್ಲಿ ಅತ್ಯಾಚಾರದ ಆರೋಪಿಗಳಿಗೆ 1976ರ ಕಾನೂನು ಈ ರಕ್ಷಣೆ ಕೊಟ್ಟಿತ್ತು, 1988ರ ಕಾನೂನು ತೆಗೆದುಹಾಕಿತು. ಈಗ ಅಲ್ಲಿ ಆರೋಪ ಹೊರಿಸುವ ಮುಂಚೆ ಸಾಮಾನ್ಯವಾಗಿ ಹೆಸರು ಹೇಳುವುದಿಲ್ಲ. ಪತ್ರಿಕೆಗಳು 'ಒಬ್ಬ ಪ್ರೀಮಿಯರ್ ಲೀಗ್ ಆಟಗಾರ' ಎಂದಷ್ಟೇ ಬರೆಯುತ್ತವೆ. ಅದರ ಪರಿಣಾಮವಾಗಿ ಏನೂ ಸಂಬಂಧ ಇಲ್ಲದ ಆಟಗಾರರ ಹೆಸರೂ ಗಾಳಿಸುದ್ದಿಗೆ ಸಿಕ್ಕಿಬೀಳುತ್ತದೆ. ಹೆಸರು ಬಂದರೆ ಇನ್ನಷ್ಟು ಮಂದಿ ಧೈರ್ಯ ಮಾಡಿ ದೂರು ಕೊಡಲು ಮುಂದೆ ಬರುತ್ತಾರೆ ಎಂಬ ವಾದವೂ ಇದೆ. ಭಾರತದಲ್ಲಿ ಠಾಣೆಯಿಂದಲೇ ಎಫ್‌ಐಆರ್ ಪ್ರತಿ ವಾಟ್ಸ್‌ಆ್ಯಪ್‌ಗೆ ಬರುವಾಗ ಇಂಥ ಚರ್ಚೆಗೆ ಇನ್ನೂ ಕಾಲ ಬಂದಿಲ್ಲ ಅನ್ನಿಸುತ್ತದೆ.

ಮುಂದೆ ಗಮನಿಸಬೇಕಾದ ಎರಡು ಕಡೆ

ಒಂದು, ಕೆಪಿಎಲ್ ಕೇಸ್. ಹೈಕೋರ್ಟ್ ಆದೇಶದ ವಿರುದ್ಧ ರಾಜ್ಯ ಸರಕಾರ ಸುಪ್ರೀಂ ಕೋರ್ಟಿಗೆ ಹೋಗಿದೆ. ಫಿಕ್ಸಿಂಗ್ ವಂಚನೆಯೇ ಎಂದು ಬಿಸಿಸಿಐ ಕೂಡ ಅಲ್ಲಿ ವಾದಿಸಿದೆ. ಹೈಕೋರ್ಟ್ ಮಾತೇ ನಿಂತರೆ ಫಿಕ್ಸಿಂಗ್‌ನಲ್ಲಿ ಪೊಲೀಸರ ಪಾತ್ರ ಬಹಳ ಕುಗ್ಗಿ, ತನಿಖೆ ಮಾಡಿ ಶಿಕ್ಷೆ ಕೊಡುವ ಹೊಣೆ ಪೂರ್ತಿ ಮಂಡಳಿಯ ಮೇಲೆ ಬೀಳುತ್ತದೆ. ಬಿದ್ದುಹೋದರೆ 2019ರ ಆರೋಪಕ್ಕೆ ಆ ಆಟಗಾರರು ಮತ್ತೆ ಕಟಕಟೆ ಹತ್ತಬೇಕಾಗಬಹುದು.

ಇನ್ನೊಂದು, 2025ರ ಆಗಸ್ಟ್‌ನಲ್ಲಿ ಬಂದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ. ಅದರಲ್ಲಿ ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಅವಕಾಶ ಇದೆ. ಕ್ರೀಡಾ ಸಂಸ್ಥೆಗಳ ವಿರುದ್ಧ ಆಟಗಾರರು ಹೈಕೋರ್ಟಿಂದ ಹೈಕೋರ್ಟಿಗೆ ಅಲೆಯುವುದು ತಪ್ಪಬೇಕು ಎಂಬುದು ಆಶಯ. ಶ್ರೀಶಾಂತ್ ಅಲೆದ ಹಾದಿ ನೋಡಿದರೆ ಇದು ದೊಡ್ಡ ಬದಲಾವಣೆ ಆಗಬಲ್ಲದು. ಆದರೆ ನ್ಯಾಯಮಂಡಳಿ ತೀರ್ಮಾನ ಮಾಡಬೇಕಾದ್ದು ಸಂಸ್ಥೆಯದೇ ನಿಯಮಗಳನ್ನು ಮುಂದಿಟ್ಟುಕೊಂಡು. ಎಫ್‌ಐಆರ್ ಆದ ಕಾರಣಕ್ಕೆ ನನ್ನನ್ನು ತಂಡದಿಂದ ಬಿಟ್ಟರು ಎಂದು ಒಬ್ಬ ಆಟಗಾರ, ಆರೋಪಿಯನ್ನು ಶಿಬಿರದಲ್ಲೇ ಇಟ್ಟುಕೊಂಡರು ಎಂದು ಒಬ್ಬ ದೂರುದಾರೆ ಅಲ್ಲಿಗೆ ಹೋದರೆ ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ನಿಯಮದಡಿ ಹೀಗೆ ಮಾಡಿದಿರಿ? ಫಿಕ್ಸಿಂಗ್ ಮತ್ತು ಡೋಪಿಂಗ್ ಬಿಟ್ಟು ಬೇರೆ ಆರೋಪಗಳ ವಿಷಯದಲ್ಲಿ ನಮ್ಮ ಹೆಚ್ಚಿನ ಸಂಸ್ಥೆಗಳ ಹತ್ತಿರ ತೆಗೆದು ತೋರಿಸಲು ಒಂದು ಪುಟವೂ ಇಲ್ಲ.